ಏಳು ಪರ್ಸೆಂಟ್ ಸಮಾನತೆ

ಅಮೆರಿಕದಲ್ಲಿ ಸಮಾನತೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್ ವಿಷಯದಲ್ಲಂತೂ ಅದು ಧಾರಾಳವಾಗಿದೆ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತಾರೆ. ಒಂದೊಂದು ದೇಶಕ್ಕೆ ಅದರಲ್ಲಿ ಶೇ. 7ರ ಮಿತಿ, ಅಂದರೆ 9,800. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ನಾಳೆ ಬೆಳಿಗ್ಗೆ ಅವರೆಲ್ಲ ಹಸುಗೂಸುಗಳ ಸಮೇತ ಮನೆಗೆ ಬೀಗ ಹಾಕಿಕೊಂಡು ಹೊರಟು ಬಂದರೂ ನಲವತ್ತು ವರ್ಷದಲ್ಲಿ ಇಡೀ ದೇಶಕ್ಕೆ ಕಾರ್ಡ್ ಹಂಚಿ ಮುಗಿಯುತ್ತದೆ. ಭಾರತದಲ್ಲಿ ಹುಟ್ಟಿದ ಒಬ್ಬ ಇಂಜಿನಿಯರ್ ಹೊಸದಾಗಿ ಸಾಲಿಗೆ ಸೇರಿದರೆ? ಅಲ್ಲಿಯ ಚಿಂತಕರ ಚಾವಡಿ ಕೇಟೋ ಇನ್‌ಸ್ಟಿಟ್ಯೂಟ್ 2023ರಲ್ಲಿ ಲೆಕ್ಕ ಹಾಕಿ ಹೇಳಿದ್ದು 134 ವರ್ಷ. ಸಾಡೇಸಾತಿಯಾದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತದೆ.

ಈ 1,40,000 ಅನ್ನೋ ಸಂಖ್ಯೆ 1990ರ ಕಾಯ್ದೆಯದ್ದು. ಆಗ ಇಂಟರ್ನೆಟ್ ಅಂದರೆ ಏನು ಅಂತ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಇದರೊಳಗೇ ಬರಬೇಕು. ಬೇರೆ ದೇಶದವರು ತೆಗೆದುಕೊಳ್ಳದೆ ಬಿಟ್ಟದ್ದೇನಾದರೂ ಉಳಿದರೆ ಮುಂದೆ ನಿಂತವರಿಗೆ ಒಂದಿಷ್ಟು ಸಿಗುತ್ತದೆ, ಪುಣ್ಯ.

ಮತ್ತೆ ಇಲ್ಲಿ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡೋದಿಲ್ಲ, ನೀವು ಹುಟ್ಟಿದ್ದೆಲ್ಲಿ ಅಂತ ನೋಡುತ್ತಾರೆ. ಕೆನಡಾದ ಪೌರತ್ವ ತೆಗೆದುಕೊಂಡು ಬಂದರೂ ಹುಟ್ಟಿದ್ದು ಭಾರತದಲ್ಲಾದರೆ ಭಾರತದ ಸಾಲೇ ಗತಿ. ಅಪ್ಪ ಕುವೈತ್‌ನಲ್ಲಿ ಕೆಲಸಕ್ಕಿದ್ದರು ಅಂದುಕೊಳ್ಳಿ. ಅಕ್ಕ ಅಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿದಳು, ತಮ್ಮನ ಹೆರಿಗೆಗೆ ಅಮ್ಮ ತವರಿಗೆ ಬಂದರು. ಒಂದೇ ಮನೆ, ಒಂದೇ ಪಾಸ್‌ಪೋರ್ಟ್, ಒಂದೇ ಡಿಗ್ರಿ. ಅಕ್ಕನದು ಕುವೈತ್ ಲೆಕ್ಕ, ತಮ್ಮನದು ಭಾರತದ ಲೆಕ್ಕ. ಅಜ್ಜಿಯ ಬಾಣಂತನದ ಆಸೆಗೆ ಮೊಮ್ಮಗ ದಶಕಗಟ್ಟಲೆ ಬಡ್ಡಿ ಕಟ್ಟುತ್ತಾನೆ. ಇದಕ್ಕೊಂದು ಪರಿಹಾರವೂ ಇದೆ: ಬೇರೆ ದೇಶದಲ್ಲಿ ಹುಟ್ಟಿದವರನ್ನು ಮದುವೆಯಾದರೆ ಅವರ ದೇಶದ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಪ್ರೀತಿ ಕುರುಡು ಅಂತಾರೆ, ಆದರೆ ಬರ್ತ್ ಸರ್ಟಿಫಿಕೇಟ್ ಒಂದು ಸಲ ಓದಿಕೊಂಡರೆ ಒಳ್ಳೆಯದು.

ಸಾಲಿಗೆ ಸೇರುವ ಮೊದಲು ಒಂದು ನಾಟಕ ಆಗಬೇಕು. ಅದಕ್ಕೆ ಪರ್ಮ್ ಅಂತ ಹೆಸರು. ನೀವು ಆರಾಮಾಗಿ ಮಾಡಿಕೊಂಡಿರುವ ಕೆಲಸಕ್ಕೆ ನಿಮ್ಮದೇ ಕಂಪನಿ ಜಾಹೀರಾತು ಕೊಡಬೇಕು. ಈ ಕೆಲಸಕ್ಕೆ ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ ಅಂತ ಸಾಬೀತಾಗಬೇಕಲ್ವಾ. ಕ್ಲೌಡ್, ಎಐ ಅಂತ ಏನೇ ಕೆಲಸ ಇರಲಿ, ಜಾಹೀರಾತು ಮಾತ್ರ ಭಾನುವಾರದ ಅಚ್ಚಾದ ಪೇಪರ್‌ನಲ್ಲಿ ಎರಡು ಸಲ ಬರಬೇಕು, ಅದು ನಿಯಮ. ಕಂಪನಿ ಕೆಲಸಗಾರನನ್ನು ಹುಡುಕಬೇಕು, ಆದರೆ ಸಿಗಬಾರದು. ಸಿಕ್ಕಿಬಿಟ್ಟರೆ ಎಲ್ಲ ಹಾಳು. ಐಫೋನ್ ಮಾಡುವ ಆಪಲ್ ಕಂಪನಿ ಈ ಹುದ್ದೆಗಳಿಗೆ ಮಾತ್ರ ಅರ್ಜಿಯನ್ನು ಕಾಗದದಲ್ಲಿ ಬರೆದು ಅಂಚೆಗೆ ಹಾಕಿ ಎನ್ನುತ್ತಿತ್ತು, ತನ್ನ ವೆಬ್‌ಸೈಟಿನ ಉದ್ಯೋಗ ಪುಟದಲ್ಲೂ ಹಾಕುತ್ತಿರಲಿಲ್ಲ ಅಂತ ಅಲ್ಲಿಯ ನ್ಯಾಯ ಇಲಾಖೆ ತಗಾದೆ ತೆಗೆಯಿತು. 2023ರಲ್ಲಿ ಅದು 2.5 ಕೋಟಿ ಡಾಲರ್‌ವರೆಗಿನ ರಾಜಿಯಲ್ಲಿ ಮುಗಿಯಿತು. ಹುಡುಕುವ ಹಾಗೆ ನಟಿಸಿ ಅಂತ ಹೇಳಿಕೊಟ್ಟ ಸರ್ಕಾರಕ್ಕೇ ನಟನೆ ಸರಿಯಿಲ್ಲ ಅಂತ ಸಿಟ್ಟು ಬಂದಿತ್ತು, ಪಾಪ.

ನಾಟಕ ಮುಗಿದರೆ ಕೈಗೊಂದು ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಜಾಗ ಹೇಳುವ ತಾರೀಖು, ಬರುತ್ತದೆ. ಅಲ್ಲಿಂದ ಮುಂದೆ, ಈಗ ಯಾವ ತಾರೀಖಿನವರ ಸರದಿ ಅಂತ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ ಓದುವುದೇ ಕಸುಬು. ತಾರೀಖು ಮುಂದೆ ಹೋದರೆ ಸಂಭ್ರಮ, ನಿಂತರೆ ನಿಟ್ಟುಸಿರು. ಕೆಲವು ಸಲ ಅದು ಹಿಂದಕ್ಕೂ ಹೋಗುತ್ತದೆ. ಕಾಲ ಹಿಂದಕ್ಕೆ ಹೋಗಲಾರದು ಅಂದುಕೊಂಡಿರುವ ವಿಜ್ಞಾನಿಗಳು ಈ ಬುಲೆಟಿನ್ ನೋಡಿಲ್ಲ ಅಂತ ಕಾಣುತ್ತದೆ. ಇನ್ನೂ ಒಂದು ತಮಾಷೆ ಇದೆ. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಹೆಚ್ಚು ಓದಿದವರ ವರ್ಗ ಇಬಿ-2, ಅದಕ್ಕಿಂತ ಕೆಳಗಿನದು ಇಬಿ-3. 2024ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-2 ತಾರೀಖು 2012ರ ಜುಲೈ 15ರಲ್ಲಿ ಕೂತಿತ್ತು. ಇಬಿ-3 ಅದನ್ನು ದಾಟಿ 2012ರ ನವೆಂಬರ್ 1ಕ್ಕೆ ಹೋಗಿತ್ತು. ಹಾಗಾಗಿ ಮಾಸ್ಟರ್ಸ್ ಮಾಡಿದವರು ವಕೀಲರಿಗೆ ದುಡ್ಡು ಕೊಟ್ಟು, ಇಬಿ-2 ಬೇಡ, ಇಬಿ-3ರಲ್ಲಿ ಹಾಕಿ ಅಂತ ಅರ್ಜಿ ಬರೆಸುತ್ತಿದ್ದರು. ಇದಕ್ಕೆ ಡೌನ್‌ಗ್ರೇಡ್ ಅಂತಲೇ ಹೆಸರು. ಕಷ್ಟಪಟ್ಟು ಓದಿದ್ದನ್ನು ದುಡ್ಡು ಕೊಟ್ಟು ಮರೆಸುವ ವ್ಯವಸ್ಥೆ ನನಗೆ ತಿಳಿದ ಮಟ್ಟಿಗೆ ಬೇರೆಲ್ಲೂ ಇಲ್ಲ.

ನಗು ಬಾರದ ಭಾಗ ಮಕ್ಕಳದು. ಎರಡು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಬಂದ ಮಗು ಅಲ್ಲೇ ಶಾಲೆ, ಅಲ್ಲೇ ಗೆಳೆಯರು, ಅಲ್ಲಿಯ ಇಂಗ್ಲಿಷು ಅಂತ ಬೆಳೆಯುತ್ತದೆ. 21 ತುಂಬಿದರೆ ಅದು ಮಗು ಅಲ್ಲ, ಅಪ್ಪನ ಸಾಲಿನಿಂದ ಹೊರಗೆ. ಉಳಿಯಬೇಕಾದರೆ ಬಹಳ ಮಕ್ಕಳಿಗೆ ಇರುವ ದಾರಿ ವಿದ್ಯಾರ್ಥಿ ವೀಸಾ. ಅದಕ್ಕೋ, ಓದು ಮುಗಿದ ಮೇಲೆ ನನ್ನ ದೇಶಕ್ಕೆ ವಾಪಸ್ ಹೋಗುತ್ತೇನೆ ಅಂತ ಅಧಿಕಾರಿಗೆ ನಂಬಿಸಬೇಕು. ಯಾವ ದೇಶ? ಎರಡು ವರ್ಷದವಳಿದ್ದಾಗ ಬಿಟ್ಟು ಬಂದದ್ದು. ಇಂಥ ಮಕ್ಕಳಿಗಾಗಿ 2002ರಲ್ಲಿ ಒಂದು ಕಾಯ್ದೆ ಬಂತು. ಅಪ್ಪನಿಗೆ ಗ್ರೀನ್ ಕಾರ್ಡ್ ಕೊಡಿ ಅಂತ ಕಂಪನಿ ಹಾಕಿದ ಐ-140 ಅನ್ನೋ ಅರ್ಜಿ ಎಷ್ಟು ದಿನ ಪೆಂಡಿಂಗ್ ಇತ್ತೋ ಅಷ್ಟು ದಿನವನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಒಳ್ಳೆಯದೇ. ಆದರೆ ಹೆಚ್ಚು ಫೀಸ್ ಕಟ್ಟಿದರೆ ಅದೇ ಅರ್ಜಿಗೆ 15 ಕೆಲಸದ ದಿನಗಳಲ್ಲಿ ಉತ್ತರ ಸಿಗುವ ಪ್ರೀಮಿಯಂ ಸೇವೆಯೂ ಉಂಟು. ಬೇಗ ಆಗಲಿ ಅಂತ ದುಡ್ಡು ಕಟ್ಟಿದ ಅಪ್ಪನ ಮಗಳಿಗೆ ಕೆಲವೇ ದಿನ ಕಡಿತ. ಸುಮ್ನೆ ಬಿಟ್ಟು, ಗುಮಾಸ್ತರು ಒಂದು ವರ್ಷ ಫೈಲ್ ಮೇಲೆ ಮಲಗಿದ್ದರೆ ಮಗಳ ವಯಸ್ಸು ಒಂದು ವರ್ಷ ಕಮ್ಮಿ ಆಗುತ್ತಿತ್ತು. ಸರ್ಕಾರಿ ಸೋಮಾರಿತನಕ್ಕೆ ಇಷ್ಟು ಬೆಲೆ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ.

ಇದೆಲ್ಲ ಬಡ ಮಧ್ಯಮ ವರ್ಗದ ಪಾಡು, ದುಡ್ಡಿದ್ದವರಿಗೆ ಸಲೀಸು ಅಂದುಕೊಂಡರೆ ಅದಕ್ಕೂ ಉತ್ತರ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಗೋಲ್ಡ್ ಕಾರ್ಡ್ ಆದೇಶಕ್ಕೆ ಸಹಿ ಹಾಕಿದರು. ಸರ್ಕಾರಕ್ಕೆ ಹತ್ತು ಲಕ್ಷ ಡಾಲರ್ ಗಿಫ್ಟ್ ಕೊಟ್ಟವರಿಗೆ ಗ್ರೀನ್ ಕಾರ್ಡಿನ ದಾರಿ. ಹೊಸ ಬಾಗಿಲು ತೆರೆಯಬೇಕಾದರೆ ಸಂಸತ್ತು ಕಾನೂನು ಮಾಡಬೇಕು, ಅದರ ಗೋಜಿಗೆ ಯಾರು ಹೋಗುತ್ತಾರೆ. ಹಾಗಾಗಿ ಇವರನ್ನೂ ಹಳೆಯ ಇಬಿ-2 ಮತ್ತು ಅದರ ಮೇಲಿನ ಇಬಿ-1 ವರ್ಗಗಳೊಳಗೇ ತೂರಿಸಿದ್ದಾರೆ. ಅಂದರೆ ಭಾರತದಲ್ಲಿ ಹುಟ್ಟಿದ ಕೋಟ್ಯಧೀಶನಿಗೂ ಅದೇ ಮಿತಿ, ಅದೇ ಬುಲೆಟಿನ್. ಆದೇಶದ ಪ್ರಕಾರ ಆ ದುಡ್ಡು ಷರತ್ತಿಲ್ಲದ ಗಿಫ್ಟ್. ಗಿಫ್ಟ್ ಕೊಟ್ಟವರು ನನ್ನದು ಸ್ವಲ್ಪ ಬೇಗ ಮಾಡಿ ಸ್ವಾಮಿ ಅಂತ ಕೇಳುವುದು ಮರ್ಯಾದೆಯೂ ಅಲ್ಲ.