ಗೇಟ್ ದಾಟದ ಡೋಪ್ ಟೆಸ್ಟ್

ಸಿಲ್ಕ್ ಬೋರ್ಡ್ ಕಡೆ ಹೊರಟವರನ್ನು ಇನ್ನರ್ಧ ಗಂಟೆಗೆ ಎಲ್ಲಿರ್ತೀರಿ ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡಲ್ಲ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದ (NADA) ಪರೀಕ್ಷಾ ಪಟ್ಟಿಯಲ್ಲಿರುವ ಕ್ರೀಡಾಪಟು ಮಾತ್ರ ಮುಂದಿನ ಮೂರು ತಿಂಗಳು ಯಾವ ರಾತ್ರಿ ಎಲ್ಲಿ ಮಲಗುತ್ತೇನೆ, ಎಲ್ಲಿ ಪ್ರಾಕ್ಟೀಸು ಎಂದು ಈಗಲೇ ಬರೆದುಕೊಡಬೇಕು. ಜೊತೆಗೆ ಟೆಸ್ಟಿಗೆ ಸಿಗಲೇಬೇಕಾದ ದಿನಕ್ಕೊಂದು 60 ನಿಮಿಷದ ಸ್ಲಾಟು, ಬೆಳಗಿನ 5ರಿಂದ ರಾತ್ರಿ 11ರೊಳಗೆ. 12 ತಿಂಗಳಲ್ಲಿ ಮೂರು ಸಲ ಎಡವಿದರೆ, ಒಂದು ಮಾತ್ರೆ ನುಂಗದಿದ್ದರೂ 2 ವರ್ಷದವರೆಗೆ ನಿಷೇಧ.

ಜಾಣರು 5ರಿಂದ 6 ಅಂತ ಹಾಕುತ್ತಾರೆ. ಹಾಸಿಗೆಯಲ್ಲಂತೂ ಇರ್ತೀವಲ್ಲ! ಇರುತ್ತಾರೆ, ನಿಜ. ಸಿಗುತ್ತಾರಾ?

ಮೊದಲು ವಿಳಾಸ. ಹಳೇ ನಂಬರ್ ಒಂದು, ಹೊಸ ನಂಬರ್ ಇನ್ನೊಂದು, 4ನೇ ಕ್ರಾಸಿನ ಪಕ್ಕದಲ್ಲಿ 4ನೇ 'ಎ' ಕ್ರಾಸು. ಕೊಟ್ಟ ವಿವರ ಸಾಲದೆ ಟೆಸ್ಟಿಗೆ ಬಂದ ಅಧಿಕಾರಿ ಅಲೆದರೆ ಅದೂ ಕ್ರೀಡಾಪಟುವಿನ ಲೆಕ್ಕಕ್ಕೇ. ಗೇಟ್ ಕೋಡ್, ಇಂಟರ್‌ಕಾಮ್ ನಂಬರ್ ಎಲ್ಲ ಆಪ್‌ನಲ್ಲಿ ತುಂಬಬೇಕು. ಸೆಕ್ಯುರಿಟಿಯವರ ಮೂಡ್ ತುಂಬೋದಕ್ಕೆ ಜಾಗವಿಲ್ಲ.

ಹೇಳದೆ ಕೇಳದೆ ಬರುವುದೇ ಡೋಪ್ ಟೆಸ್ಟಿನ ಜೀವಾಳ. ಹೇಳಿ ಕೇಳಿ ಬರುವುದು ಅಪಾರ್ಟ್‌ಮೆಂಟ್ ಗೇಟಿನ ಜೀವಾಳ. ಸೆಕ್ಯುರಿಟಿ ಮೇಲಕ್ಕೆ ಫೋನ್ ಮಾಡಿ "ನಾಡಾದವರಂತೆ, ಬಿಡ್ಲಾ?" ಅಂದರೆ ಗುಟ್ಟು ಅಲ್ಲಿಗೇ ರಟ್ಟು. ಫೋನ್ ಎತ್ತದೆ ಮಲಗಿದ್ದರೆ ಅಧಿಕಾರಿ ಗಂಟೆಯಿಡೀ ಗೇಟಲ್ಲೇ. ಹೇಗೋ ಬಾಗಿಲ ತನಕ ಬಂದರೂ ಕರೆಂಟ್ ಹೋಗಿ ಬೆಲ್ ಮೂಕ, ಬಡಿದ ಸದ್ದನ್ನು ಸಂಪಿನ ಮೋಟರ್ ನುಂಗಿರುತ್ತದೆ. ಮೊಬೈಲಿಗೆ ಕರೆಯಬಾರದಾ? ಕರೆಯಲೇಬೇಕೆಂಬ ನಿಯಮವಿಲ್ಲ. ಅಮೆರಿಕದ ಓಟಗಾರ ಕ್ರಿಶ್ಚಿಯನ್ ಕೋಲ್ಮನ್ 2019ರ ಡಿಸೆಂಬರ್‌ನಲ್ಲಿ ಶಾಪಿಂಗ್‌ಗೆ ಹೋಗಿ ಟೆಸ್ಟಿಗೆ ಸಿಗದೆ ಮೂರನೇ ಸಲ ಎಡವಿ, ಒಂದು ಫೋನ್ ಮಾಡಿದ್ದರೆ ಬರ್ತಿದ್ದೆ ಎಂದು ವಾದಿಸಿದ. ಕೊನೆಗೆ 18 ತಿಂಗಳ ನಿಷೇಧ, ಟೋಕಿಯೋ ಒಲಿಂಪಿಕ್ಸ್ ಕೈತಪ್ಪಿತು.

ಗೇಟ್ ಆಪ್‌ನಲ್ಲಿ ಇರೋದು ನಾಲ್ಕೇ ಬಗೆಯ ಮನುಷ್ಯರು: ಗೆಸ್ಟ್, ಡೆಲಿವರಿ, ಕ್ಯಾಬ್, ಮನೆಗೆಲಸ. ಕೊತ್ತಂಬರಿ ಸೊಪ್ಪು ತಂದ ಹುಡುಗನ ಸ್ಕೂಟರ್ ನಿಲ್ಲದೆ ಒಳಗೆ ಹೋಯಿತು. ಸೀಲ್ ಮಾಡಿದ ಎ, ಬಿ ಬಾಟಲಿಗಳ ಕಿಟ್ ಹಿಡಿದವರು ಮಾತ್ರ ರಿಜಿಸ್ಟರ್ ಮುಂದೆ. ಗಂಟೆ 5.52. ಬಂದ ಉದ್ದೇಶ ಎಂಬ ಕಾಲಂ ನೋಡಿ ಪೆನ್ನು ನಿಂತಿತು. ಬೇಕಿರೋದು 90 ಎಂಎಲ್ ಮೂತ್ರ, ಬರೆಯೋದು ಹೇಗೆ?

ಸೆಕ್ಯುರಿಟಿಯವರೇ ಸಹಾಯಕ್ಕೆ ಬಂದರು: "ಡೆಲಿವರಿನಾ ಸಾರ್, ಪಿಕಪ್ಪಾ?"