ದಲ್ಲಾಳಿ ಯಾರ ಕಡೆಯವನು?

ನಮ್ಮಪ್ಪ ವರ್ಷಾವರ್ಷ ಆನಗೋಡು ಕಡೆಯಿಂದ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಬರುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಚೀಲದ ಮೇಲೆ ಕೂತು ಬರುತ್ತಿದ್ದೆ. ನನ್ನ ಆಸೆ ಜೋಳದ ಮೇಲಲ್ಲ, ವಾಪಸ್ ಹೋಗುವಾಗ ಸಿಗುವ ಬೆಣ್ಣೆ ದೋಸೆ ಮೇಲೆ. ದಲ್ಲಾಳಿ ಒಳ್ಳೆಯವನಾ, ಕೆಟ್ಟವನಾ ಅಂತ ಅಪ್ಪ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ. ಅಂಗಡಿಯಲ್ಲಿ ಎಲ್ಲರೂ ಒಳ್ಳೆಯವರೇ. ಗಾದಿ ಮೇಲೆ ಕೂರಿಸುತ್ತಾರೆ, ಚಹಾ ತರಿಸುತ್ತಾರೆ, "ನಾನು ನಿಮ್ಮನೆ ಮಗ ಇದ್ದಂಗೆ" ಅನ್ನುತ್ತಾರೆ. ಅಪ್ಪ ಕೇಳುತ್ತಿದ್ದದ್ದು ಒಂದೇ. "ಇವ್ನಿಗೆ ರೊಕ್ಕ ಯಾರ ಕಡಿಂದ ಬರ್ತತಿ?"

ಕಮಿಷನ್ ಯಾರಿಂದ, ತೂಕದಲ್ಲಿ ಸೂಟು ಎಷ್ಟು ಮುರಿಯುತ್ತಾನೆ, ಪಟ್ಟಿ ಬರೆಯುವವನು ಯಾರು. ಇಷ್ಟು ಗೊತ್ತಾದರೆ ಮುಗಿಯಿತು. ಉಳಿದದ್ದೆಲ್ಲ ಚಹಾದ ಮಾತು.

ಇದು ಈಗ ನೆನಪಾಗಲು ಕಾರಣ ನಮ್ಮ ಸಂಜೆಯ ಮಂಡಕ್ಕಿ ಕೂಟ. ಹೋದ ಶನಿವಾರ ಮಿರ್ಚಿ ಕಡಿಯುತ್ತಾ ಗೆಳೆಯನೊಬ್ಬ ಶುರು ಮಾಡಿದ. ಅಮ್ಮನ ಮಂಡಿನೋವಿನ ಬಗ್ಗೆ ಮನೆಯಲ್ಲಿ ಬರೀ ಮಾತಾಡಿದ್ದಾರೆ, ಮರುದಿನ ಫೋನ್ ತುಂಬಾ ಮಂಡಿ ಬೆಲ್ಟಿನ ಜಾಹೀರಾತು. "ಮೈಕ್ ಆನ್ ಇಟ್ಟು ಕೇಳಿಸಿಕೊಳ್ತಾರೆ ಮಾರಾಯ!" ಎಲ್ಲರೂ ಹೌದೌದು ಅಂದರು. ಆಮೇಲೆ ವಿಚಾರಿಸಿದರೆ ಅವನ ಮಗಳು ಅದೇ ವೈಫೈನಲ್ಲಿ ರಾತ್ರಿ ಅರ್ಧ ಗಂಟೆ ಮಂಡಿ ಬೆಲ್ಟ್ ಹುಡುಕಿದ್ದಳು. ಕಳ್ಳಗಿವಿಯ ಕತೆ ಹೇಳೋಕೆ ಮಜಾ. ಆದರೆ ಕದಿಯುವ ಕಷ್ಟ ಅವರಿಗೆ ಯಾಕೆ ಬೇಕು? ನಾವೇ ತಂದು ಸುರಿಯುತ್ತಿದ್ದೇವೆ.

ಹಾಗಾಗಿ ನಾನು ಅಪ್ಪನ ಪ್ರಶ್ನೆ ಇಟ್ಟುಕೊಂಡು, ಫೋನಿನ ಮೂಲಕ ನಮ್ಮ ವಿವರ ತುಂಬಿಕೊಳ್ಳುವ ಈ ಕಂಪನಿಗಳನ್ನು ನೋಡತೊಡಗಿದೆ. ವಾಟ್ಸಾಪ್‌ನಿಂದಲೇ ಶುರು ಮಾಡುತ್ತೇನೆ. ಅದಿಲ್ಲದೆ ನಮ್ಮೂರಲ್ಲಿ ಮದುವೆ ಕರೆಯೋಲೆಯೂ ಇಲ್ಲ, ತಿಥಿ ಸುದ್ದಿಯೂ ಇಲ್ಲ.

2009ರಲ್ಲಿ ಜಾನ್ ಕೂಮ್, ಬ್ರಯಾನ್ ಆ್ಯಕ್ಟನ್ ಇದನ್ನು ಕಟ್ಟಿದರು. ಜಾಹೀರಾತು ಹಾಕುವುದಿಲ್ಲ ಅನ್ನುವುದು ಅವರ ಹಠವಾಗಿತ್ತು. ಯಾಕೆ ಹಾಕುವುದಿಲ್ಲ ಅಂತ 2012ರಲ್ಲಿ ಬಹಿರಂಗವಾಗಿ ಬರೆದಿದ್ದರು ಕೂಡ. ಸಂಪಾದನೆ ಎಲ್ಲಿಂದ? ವರ್ಷಕ್ಕೆ ಒಂದು ಡಾಲರ್ ಚಂದಾ. "ಈ ಮೆಸೇಜ್ 10 ಜನಕ್ಕೆ ಕಳಿಸಿ, ಇಲ್ಲದಿದ್ದರೆ ವಾಟ್ಸಾಪ್‌ಗೆ ದುಡ್ಡು ಕಟ್ಟಬೇಕಾಗುತ್ತದೆ" ಅಂತ ಆಗ ಒಂದು ಸುಳ್ಳು ಮೆಸೇಜ್ ಸುತ್ತುತ್ತಿತ್ತು, ನೆನಪಿದೆಯಾ? ಒಂದು ಡಾಲರ್ ಉಳಿಸಲು ನಾನೂ ನಮ್ಮ ಸೋದರಮಾವನವರೆಗೆ ಕಳಿಸಿದ್ದೆ. ನಾಚಿಕೆಯಾಗುತ್ತದೆ.

2014ರಲ್ಲಿ ಫೇಸ್‌ಬುಕ್ ಅದನ್ನು 19 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಏನೂ ಬದಲಾಗುವುದಿಲ್ಲ ಅಂತ ಮಾತು ಕೊಟ್ಟರು. 2016ರ ಜನವರಿಯಲ್ಲಿ ಆ ಒಂದು ಡಾಲರ್ ಚಂದಾ ರದ್ದಾಯಿತು. ನಾವೆಲ್ಲ ಖುಷಿಪಟ್ಟೆವು. ಅದೇ ವರ್ಷ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ನಮ್ಮ ಫೋನ್ ನಂಬರ್ ಮತ್ತು ಬಳಕೆಯ ವಿವರ ಫೇಸ್‌ಬುಕ್ ಜೊತೆ ಹಂಚಿಕೊಳ್ಳುವುದಾಗಿ ಹೇಳಿದರು. ಈ ಎರಡು ತಾರೀಖನ್ನು ಒಟ್ಟಿಗೆ ಇಟ್ಟು ನೋಡಿ. ರೈತನಿಂದ ಕಮಿಷನ್ ಬೇಡ ಅಂತ ದಲ್ಲಾಳಿ ಹೇಳಿದ ದಿನ ನಮ್ಮಪ್ಪ ಆಗಿದ್ದರೆ ಚಹಾ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು.

ಯೂರೋಪಿನವರು ಸ್ವಲ್ಪ ಎಚ್ಚರ ಇದ್ದರು. ಕೊಳ್ಳುವಾಗ ಫೇಸ್‌ಬುಕ್ ಅವರಿಗೆ, ಎರಡೂ ಕಡೆಯ ಖಾತೆಗಳನ್ನು ತಾನಾಗಿಯೇ ಸರಿಯಾಗಿ ಜೋಡಿಸಲು ಆಗುವುದಿಲ್ಲ ಅಂತ ಹೇಳಿತ್ತು. ಜೋಡಿಸುವ ದಾರಿ 2014ರಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 2017ರಲ್ಲಿ 11 ಕೋಟಿ ಯೂರೋ ದಂಡ ಬಿತ್ತು. ಕಟ್ಟಿದವರಿಬ್ಬರೂ ಹೊರಗೆ ನಡೆದರು, ಆ್ಯಕ್ಟನ್ 2017ರಲ್ಲಿ, ಕೂಮ್ 2018ರಲ್ಲಿ. ಆ್ಯಕ್ಟನ್ ಅಂತೂ 5 ಕೋಟಿ ಡಾಲರ್ ಕೊಟ್ಟು, ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ನ ಪ್ರತಿಷ್ಠಾನದ ಬೆನ್ನಿಗೆ ನಿಂತು, ಫೇಸ್‌ಬುಕ್ ಅಳಿಸಿ ಅಂತ ಟ್ವೀಟ್ ಮಾಡಿದ. ಮನೆ ಕಟ್ಟಿದ ಮೇಸ್ತ್ರಿಯೇ ಈ ಮನೆಯಲ್ಲಿ ಇರಬೇಡಿ ಅಂದ ಹಾಗೆ.

2021ರ ಜನವರಿಯಲ್ಲಿ ಮತ್ತೊಂದು ನಿಯಮ ಬಂತು. ಒಪ್ಪಿ, ಇಲ್ಲವೇ ಬಿಡಿ. ಎಲ್ಲಿಗೆ ಬಿಡುವುದು ಸ್ವಾಮಿ? ಮಗನ ಶಾಲೆಯ ಹೋಮ್‌ವರ್ಕ್ ಅಲ್ಲಿ, ಜೋಳದ ರೇಟು ಅಲ್ಲಿ, ನೀರು ಬಿಡುವ ಹೊತ್ತು ಅಲ್ಲಿ. ಈ ನಿಯಮದ ವಿಚಾರಕ್ಕೇ ನಮ್ಮ ದೇಶದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) 213.14 ಕೋಟಿ ರೂಪಾಯಿ ದಂಡ ಹಾಕಿತು. ಕೇಸು ಮೇಲ್ಮನವಿ ಮೆಟ್ಟಿಲೇರಿತು. ದೊಡ್ಡ ಮೊತ್ತ ಅನ್ನಿಸಿತು, ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆ ವರ್ಷ ಮೆಟಾದ ವರಮಾನ ಸುಮಾರು 164 ಬಿಲಿಯನ್ ಡಾಲರ್, ಬಹುಪಾಲು ಜಾಹೀರಾತಿನದೇ. ಅಂದರೆ ಈ ದಂಡ ಅವರಿಗೆ ಒಂದೂವರೆ ಗಂಟೆಯ ವ್ಯಾಪಾರವೂ ಅಲ್ಲ. ನಮ್ಮ ಮಂಡಕ್ಕಿ ಕೂಟ ಮುಗಿಯುವಷ್ಟರಲ್ಲಿ ತೀರಿಹೋಗುತ್ತದೆ. ಅಮೆರಿಕದಲ್ಲಿ 2019ರಲ್ಲಿ, ಕೋಟ್ಯಂತರ ಫೇಸ್‌ಬುಕ್ ಬಳಕೆದಾರರ ವಿವರ ಚುನಾವಣಾ ಪ್ರಚಾರದ ಕಂಪನಿಯೊಂದರ ಕೈಸೇರಿದ ಕೇಂಬ್ರಿಡ್ಜ್ ಅನಲಿಟಿಕಾ ಹಗರಣದ ನಂತರ ಇದೇ ಕಂಪನಿಗೆ 5 ಬಿಲಿಯನ್ ಡಾಲರ್ ದಂಡ ಅಂತ ಸುದ್ದಿ ಬಂದಾಗ ಷೇರು ಬೆಲೆ ಇಳಿಯಲಿಲ್ಲ, ಏರಿತು!

ಇನ್ನು 2025ರ ಜೂನ್‌ನಲ್ಲಿ, ಸ್ಟೇಟಸ್ ಇರುವ ಕಡೆ ಜಾಹೀರಾತು ತರುತ್ತೇವೆ ಅಂತ ವಾಟ್ಸಾಪ್ ಹೇಳಿತು. 2012ರ ಆ ಬರಹ ಬರೆದವರು ಈಗ ಅಲ್ಲಿಲ್ಲ. ಮಾತು ಕೊಟ್ಟವರು ಹೋದರು, ಮಾತು ನಂಬಿ ಸೇರಿದ ನಾವು ಅಲ್ಲೇ ಇದ್ದೇವೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾವು ಬರೆಯುವ ಮೆಸೇಜಿಗೆ 2016ರಿಂದ ಪೂರ್ತಿ ಬೀಗ ಇದೆ. ಕಳಿಸಿದವನು, ಪಡೆದವನು ಬಿಟ್ಟರೆ ನಡುವೆ ಕಂಪನಿಗೂ ಓದಲು ಬರುವುದಿಲ್ಲ. ಅದು ನಿಜವಾದ ಕೆಲಸ, ಮೆಚ್ಚಬೇಕು. ಆದರೆ ಬೀಗ ಇರುವುದು ಲಕೋಟೆಯ ಒಳಗಿನ ಕಾಗದಕ್ಕೆ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ದಿನಕ್ಕೆ ಎಷ್ಟು ಸಲ ಅನ್ನುವುದು ಲಕೋಟೆಯ ಮೇಲಿನ ವಿಷಯ. ಊರಿನ ಪೋಸ್ಟ್‌ಮ್ಯಾನ್ ಒಂದೂ ಕಾಗದ ಒಡೆಯದೆ ಯಾರ ಮನೆಗೆ ಸಂಬಂಧ ಕುದುರುತ್ತಿದೆ ಅಂತ ಹೇಳುತ್ತಿದ್ದನಲ್ಲ, ಹಾಗೆ.

ಆ್ಯಪಲ್ ಫೋನ್ ಹಿಡಿದವರು ಇಲ್ಲಿಗೆ ಬಂದು ಮುಗುಳ್ನಗುತ್ತಾರೆ ಅಂತ ಗೊತ್ತು. 2019ರ ಜನವರಿಯಲ್ಲಿ ಅವರು ಲಾಸ್ ವೇಗಸ್‌ನಲ್ಲಿ, ನಿಮ್ಮ ಐಫೋನ್‌ನಲ್ಲಿ ನಡೆದದ್ದು ಐಫೋನ್‌ನಲ್ಲೇ ಇರುತ್ತದೆ ಅಂತ ದೊಡ್ಡ ಬೋರ್ಡ್ ಹಾಕಿದ್ದರು. ಅದೇ ವರ್ಷ ಜುಲೈನಲ್ಲಿ, ಐಫೋನ್‌ನಲ್ಲಿ ಮಾತಿಗೆ ಉತ್ತರ ಕೊಡುವ ಸಿರಿ ಜೊತೆಗಿನ ಮಾತಿನ ತುಣುಕುಗಳನ್ನು ಗುತ್ತಿಗೆ ನೌಕರರು ಕೇಳುತ್ತಿದ್ದಾರೆ ಅಂತ ಸುದ್ದಿ ಬಂತು. ಕೇಸಾಯಿತು. ತಪ್ಪು ಒಪ್ಪಿಕೊಳ್ಳದೆ, 9.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಕಂಪನಿ ಮುಂದಾದದ್ದು 2025ರಲ್ಲಿ ಹೊರಬಂತು. (ಮೈಕ್ ಕತೆಯಲ್ಲಿ ಗೆಳೆಯನನ್ನು ಗೇಲಿ ಮಾಡಿದ್ದೆ, ಅದಕ್ಕೆ ಇಷ್ಟು ಅರ್ಧ ಕ್ಷಮೆ.) ಅದಕ್ಕಿಂತ ನನಗೆ ದೊಡ್ಡದು ಅನ್ನಿಸಿದ್ದು ಬೇರೆ. ಐಫೋನ್‌ನ ಬ್ರೌಸರ್‌ನಲ್ಲಿ ಹುಡುಕಾಟ ಗೂಗಲ್‌ಗೇ ಹೋಗಲಿ ಅಂತ 2022ರಲ್ಲಿ ಗೂಗಲ್ ಆ್ಯಪಲ್‌ಗೆ ಕೊಟ್ಟದ್ದು 20 ಬಿಲಿಯನ್ ಡಾಲರ್. ಇದು ಅಮೆರಿಕದ ಕೋರ್ಟಿನಲ್ಲಿ ಬಯಲಾದ ಲೆಕ್ಕ. "ನಮ್ಮಲ್ಲಿ ತೂಕ ಪಕ್ಕಾ" ಅಂತ ಬೋರ್ಡ್ ಹಾಕಿ, ಅಂಗಡಿಯ ಮುಂಬಾಗಿಲನ್ನು ಪಕ್ಕದ ದಲ್ಲಾಳಿಗೆ ಬಾಡಿಗೆಗೆ ಕೊಟ್ಟಂತಾಯಿತು.

ಗೂಗಲ್ ಕತೆ ಬರೆದರೆ ರಾತ್ರಿಯಾಗುತ್ತದೆ. ಒಂದೇ ಹೇಳುತ್ತೇನೆ. ಲೊಕೇಶನ್ ಹಿಸ್ಟರಿ ಅಂತ ಒಂದು ಸ್ವಿಚ್ ಇತ್ತು. ಆಫ್ ಮಾಡಿದರೆ ನೀವು ಹೋದ ಜಾಗ ದಾಖಲಾಗುವುದಿಲ್ಲ ಅಂತ ಜನ ನಂಬಿದ್ದರು. 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪರೀಕ್ಷೆ ಮಾಡಿ ನೋಡಿದರೆ, ಆಫ್ ಮಾಡಿದರೂ ದಾಖಲಾಗುತ್ತಿತ್ತು. ಬೇರೆ ಹೆಸರಿನ ಇನ್ನೊಂದು ಸ್ವಿಚ್ ಆನ್ ಇತ್ತು, ಅದಕ್ಕೆ. 2022ರಲ್ಲಿ ಅಮೆರಿಕದ 40 ರಾಜ್ಯಗಳ ಜೊತೆ 39.15 ಕೋಟಿ ಡಾಲರ್‌ಗೆ ರಾಜಿಯಾಯಿತು. ಬಾಗಿಲು ಹಾಕಿದ್ದೇವೆ ಅಂದದ್ದು ಸುಳ್ಳಲ್ಲ, ಹಿತ್ತಲ ಬಾಗಿಲ ಸುದ್ದಿ ಹೇಳಲಿಲ್ಲ ಅಷ್ಟೆ.

ಈಗ ಸಂಪಾದನೆ ವಿಷಯಕ್ಕೆ ಬರುತ್ತೇನೆ. ದನದ ಜಾತ್ರೆಗೆ ಹೋದವರು ನೋಡಿರುತ್ತೀರಿ. ದಲ್ಲಾಳಿ ಟವೆಲ್ ಹಾಸಿ, ಒಳಗೆ ಕೈ ಹಾಕಿ, ಬೆರಳು ಹಿಡಿದು ರೇಟು ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಎತ್ತಿಗಂತೂ ಏನೂ ತಿಳಿಯುವುದಿಲ್ಲ, ಅದು ಹುಲ್ಲು ತಿನ್ನುತ್ತಾ ನಿಂತಿರುತ್ತದೆ. ನಾವು ಒಂದು ಸುದ್ದಿ ಪುಟ ತೆರೆದಾಗ ಆಗುವುದೂ ಇದೇ. ಪುಟ ಬಿಚ್ಚಿಕೊಳ್ಳುವ ಆ ಅರೆಕ್ಷಣದಲ್ಲಿ, ಈ ಮನುಷ್ಯನಿಗೆ ಯಾವ ಜಾಹೀರಾತು ತೋರಿಸಬೇಕು ಅಂತ ಹರಾಜು ನಡೆದಿರುತ್ತದೆ. ಊರು ಯಾವುದು, ಫೋನ್ ಯಾವುದು, ನಿನ್ನೆ ಏನು ಹುಡುಕಿದ, ಇದೆಲ್ಲ ಟವೆಲ್ ಒಳಗೆ. ನಾವು ರೀಲ್ಸ್ ಮೇಯುತ್ತಾ ನಿಂತಿರುತ್ತೇವೆ.

ಆ ಜಾತ್ರೆಯಲ್ಲಿ ಮಾರುವವನ ಪರ ನಿಂತವನು, ಕೊಳ್ಳುವವನ ಪರ ನಿಂತವನು, ಜಾತ್ರೆ ಮೈದಾನದ ಯಜಮಾನ, ಮೂವರೂ ಒಬ್ಬನೇ ಆದರೆ? 2025ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ಕೋರ್ಟ್ ಗೂಗಲ್ ವಿರುದ್ಧ ಕೊಟ್ಟ ತೀರ್ಪಿನ ಹಿಂದೆ ಇದ್ದ ಪ್ರಶ್ನೆ ಇದೇ. ಜಾಹೀರಾತು ಜಾಗ ಮಾರುವವರ ಸಾಫ್ಟ್‌ವೇರ್, ಹರಾಜು ಕಟ್ಟೆ, ಎರಡರಲ್ಲೂ ಅದು ಕಾನೂನು ಮೀರಿ ಏಕಸ್ವಾಮ್ಯ ಕಟ್ಟಿಕೊಂಡಿದೆ ಅಂತ ಕೋರ್ಟ್ ಹೇಳಿತು.

"ಅಯ್ಯೋ, ನಮ್ಮತ್ರ ಮುಚ್ಚಿಡಾಕೆ ಏನೈತಿ ಬಿಡಪ್ಪಾ." ಮಂಡಕ್ಕಿ ಕೂಟದಲ್ಲಿ ಕೊನೆಗೆ ಬಂದ ಮಾತು ಇದು. ಎಲ್ಲ ಕಡೆ ಬರುತ್ತದೆ. ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಜೋಳದ ಮಂಡಿಯಲ್ಲೇ.

ಅಕ್ಕನ ಮದುವೆ ಗೊತ್ತಾದ ವರ್ಷ ಅಪ್ಪನಿಗೆ ದುಡ್ಡಿನ ತುರ್ತು ಇತ್ತು. ಹತ್ತು ದಿನದಲ್ಲಿ ಛತ್ರಕ್ಕೆ ಕಟ್ಟಬೇಕು. ಎಪಿಎಂಸಿ ಒಳಗೆ ಕಾಲಿಡುವ ಮುಂಚೆ ಅಪ್ಪ ನನ್ನ ಕಿವಿ ಹಿಡಿದು ಹೇಳಿದ್ದರು. "ಮದಿವಿ ಸುದ್ದಿ ಬಾಯಿ ಬಿಟ್ಟೀಯ ಜ್ವಾಕಿ." ಮದುವೆ ಅನ್ನುವುದು ನಾಚಿಕೆಯ ವಿಷಯವೇ? ಮುಚ್ಚಿಡುವಂಥದ್ದೇ? ಊರಿಗೆಲ್ಲ ಹಂಚುವ ಸಿಹಿ ಸುದ್ದಿ. ಆದರೆ ದಲ್ಲಾಳಿಗೆ ತಿಳಿದರೆ ಕ್ವಿಂಟಾಲ್‌ಗೆ ರೇಟು ಇಳಿಯುತ್ತಿತ್ತು. ಮಾರಿಯೇ ಹೋಗಬೇಕಾದವನು ಅಂತ ಗೊತ್ತಾದ ಮೇಲೆ ಚೌಕಾಸಿ ಎಲ್ಲಿ? ನಮ್ಮಪ್ಪ ಖಾಸಗಿತನ ಅನ್ನುವ ಪದ ಯಾವತ್ತೂ ಬಳಸಿದವರಲ್ಲ. ಅದರ ಬೆಲೆ ಮಾತ್ರ ಕ್ವಿಂಟಾಲ್ ಲೆಕ್ಕದಲ್ಲಿ ಗೊತ್ತಿತ್ತು.

ಇನ್ನೊಂದು ಘಟನೆ, ಬೇಗ ಹೇಳಿಬಿಡುತ್ತೇನೆ, ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಕೆಲವು ವರ್ಷದ ಹಿಂದೆ ಒಂದು ಸಾಲದ ಆ್ಯಪ್‌ನಲ್ಲಿ ಎಂಟು ಸಾವಿರ ತೆಗೆದ. ಕಂತು ನಾಲ್ಕು ದಿನ ತಡವಾಯಿತು. ಅವನ ಫೋನಿನಲ್ಲಿದ್ದ ಎಲ್ಲರಿಗೂ ಕರೆ ಹೋಯಿತು. ಪಿಯುಸಿ ಮೇಷ್ಟ್ರಿಗೆ, ಕ್ಷೌರದ ಅಂಗಡಿಗೆ, ಹೆಣ್ಣು ನೋಡಲು ಬರಬೇಕಿದ್ದ ಮನೆಗೆ. ಆಮೇಲೆ 2022ರಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ ಮುಟ್ಟಬಾರದು ಅಂತ ನಿಯಮ ಮಾಡಿತು. ಆದರೆ ಆ ಆ್ಯಪ್ ಕದ್ದಿರಲಿಲ್ಲ ನೋಡಿ. ಕಾಂಟ್ಯಾಕ್ಟ್ಸ್ ನೋಡಲಾ ಅಂತ ಕೇಳಿತ್ತು. ಇವನು ಸರಿ ಅಂತ ಒತ್ತಿದ್ದ.

ಕಾನೂನು ಇಲ್ಲವೇ ಅಂದರೆ, ಇದೆ. ಅದರ ಬೇರಿನಲ್ಲಿ ನಮ್ಮ ರಾಜ್ಯದವರೇ ಒಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೊಮ್ಮಕ್ಕಳ ಜೊತೆ ಆರಾಮಾಗಿ ಇರಬೇಕಾದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಅವರು 2024ರಲ್ಲಿ ತೀರಿಕೊಂಡರು. ದೇಶದ ಪ್ರತಿ ಲಾ ಕಾಲೇಜಿನಲ್ಲಿ ಹೇಳುವ ಹೆಸರು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಂಪನಿಗಳನ್ನೂ ಕಟ್ಟಿಹಾಕುವ ದತ್ತಾಂಶ ಕಾಯ್ದೆ ಬಂದದ್ದು 2023ರಲ್ಲಿ, 250 ಕೋಟಿವರೆಗೆ ದಂಡ ಹಾಕುವ ಅಧಿಕಾರದೊಂದಿಗೆ. ನಿಯಮ ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಅದರ ಮುಖ್ಯ ಭಾಗಗಳಿಗೆ ಮತ್ತೆ 18 ತಿಂಗಳ ಗಡುವು. ಭದ್ರಾ ಕಾಲುವೆಯ ಕೊನೆ ಭಾಗದ ರೈತನಿಗೆ ಕಾಯುವುದು ಹೊಸದಲ್ಲ ಬಿಡಿ.

"ಇದನ್ನೆಲ್ಲ ಫೇಸ್‌ಬುಕ್‌ನಲ್ಲೇ ಬರೀತೀಯಲ್ಲ" ಅಂತ ಕಾಮೆಂಟ್ ಹಾಕಲು ಬೆರಳು ತುರಿಸುತ್ತಿರುವವರಿಗೆ: ಹೌದು. ಮಂಡಿ ಸರಿಯಿಲ್ಲ ಅಂತ ರೈತ ಕೂಗಬೇಕಾದ್ದೂ ಮಂಡಿಯಲ್ಲೇ. ಗದ್ದೆಯಲ್ಲಿ ನಿಂತು ಕೂಗಿದರೆ ಕೊಕ್ಕರೆ ಕೇಳುತ್ತದೆ.

ನಾನು ಮಾಡಿದ್ದು ಜಾಸ್ತಿ ಏನೂ ಇಲ್ಲ. ಫೋನಿನ ಆ ಎರಡನೇ ಸ್ವಿಚ್ ಹುಡುಕಿ ಆಫ್ ಮಾಡಿದೆ, ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ ಅಂತ ಇರುತ್ತದೆ. ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಯಾಕೆ ಅಂತ ಕೇಳಿಕೊಂಡು ಎಂಟು ಆ್ಯಪ್ ಕಿತ್ತು ಹಾಕಿದೆ. ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗೆ ನಂಬರ್ ಕೇಳಿದರೆ ಕೊಡುವುದಿಲ್ಲ, ಕೌಂಟರಿನ ಹುಡುಗಿ ಜಿಪುಣನನ್ನು ನೋಡಿದ ಹಾಗೆ ನೋಡುತ್ತಾಳೆ, ನೋಡಲಿ.

ಇಷ್ಟೆಲ್ಲ ಯೋಚಿಸಿಕೊಂಡು ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಕೂತು ಫೋನ್ ನನ್ನ ಕೈಗೆ ಕೊಟ್ಟರು. "ಏನೋ ಕೇಳಕತ್ತೈತಿ ನೋಡು ಇದು, ಮುಂದಕ್ಕೇ ಬಿಡವಲ್ದು." ಯಾವುದೋ ಆ್ಯಪ್‌ನ ಹೊಸ ನಿಯಮ. ಇಂಗ್ಲಿಷಿನಲ್ಲಿ. ಕೆಳಗೆ ಎಳೆದೆ, ಎಳೆದೆ, ಮುಗಿಯಲೇ ಇಲ್ಲ. ಅದರ ಹಿಂದೆ ಅವತ್ತಿನ ಜೋಳದ ರೇಟು ಕಾಯುತ್ತಿತ್ತು.

"ಏನಂತತಿ?" ಅಂದರು ಅಪ್ಪ.

"ಏನಿಲ್ಲ" ಅಂದೆ. ಒಪ್ಪಿಗೆ ಒತ್ತಿ ವಾಪಸ್ ಕೊಟ್ಟೆ.