ಪೀಸಾ ಗೋಪುರಕ್ಕೆ ರಿಪೇರಿ ಕಾಟ

ನಲ್ಲಿ ತೊಟ್ಟಿಕ್ಕುತ್ತದೆಂದು ಪ್ಲಂಬರನ್ನು ಕರೆದರೆ ಗೋಡೆಯೊಳಗಿನ ಪೈಪೇ ಒಡೆಯುವುದುಂಟು. ಇಟಲಿಯ ಪೀಸಾ ಗೋಪುರದ್ದೂ ಅದೇ ಗೋಳು. ಎತ್ತರ ಮಾತ್ರ 56 ಮೀಟರ್, ತೂಕ ಸುಮಾರು 14,500 ಟನ್.

ಕೆಲಸ ಶುರುವಾದದ್ದು 1173ರಲ್ಲಿ. ಪಾಯ ಬರೀ ಮೂರು ಮೀಟರ್ ಆಳ, ಕೆಳಗೆ ಮೆತ್ತನೆಯ ಜೇಡಿಮಣ್ಣು, ಹೂಳು. ಮೂರನೇ ಅಂತಸ್ತು ಏರುವಷ್ಟರಲ್ಲೇ ಪಾಯ ಒಂದು ಕಡೆ ಕುಸಿದು ಗೋಪುರ ವಾಲತೊಡಗಿತ್ತು. ಅಷ್ಟರಲ್ಲಿ ಯುದ್ಧಗಳು ಬಂದು ಕೆಲಸ ನೂರು ವರ್ಷದಷ್ಟು ನಿಂತಿತು. ಗೋಪುರ ಉಳಿದದ್ದೇ ಅದರಿಂದ! ಭಾರಕ್ಕೆ ಜೇಡಿಯೊಳಗಿನ ನೀರು ಹಿಂಡಿಹೋಗಿ ಮಣ್ಣು ಗಟ್ಟಿಯಾಯಿತು. ಒಂದೇ ದಮ್ಮಿಗೆ ಕಟ್ಟಿದ್ದರೆ ಆಗಲೇ ಮಗುಚಿಕೊಳ್ಳುತ್ತಿತ್ತು.

1272ರಲ್ಲಿ ಮತ್ತೆ ಕೈಹಾಕಿದವರು, ವಾಲಿದ ಕಡೆಗೆ ಗೋಡೆಯನ್ನು ತುಸು ಎತ್ತರಿಸಿ ಸರಿದೂಗಿಸಲು ನೋಡಿದರು. ಹಾಗಾಗಿ ಗೋಪುರ ಓರೆಯಷ್ಟೇ ಅಲ್ಲ, ಬಾಳೆಹಣ್ಣಿನ ಹಾಗೆ ಬಾಗಿಯೂ ಇದೆ.

1838ರಲ್ಲಿ ವಾಸ್ತುಶಿಲ್ಪಿ ಗೆರಾರ್ದೆಸ್ಕಾ ಅವರಿಗೆ, ನೆಲದಲ್ಲಿ ಹೂತ ಕಂಬಗಳ ಬುಡ ಜನರಿಗೆ ಕಾಣಲಿ ಎನಿಸಿತು. ಸುತ್ತ ಅಗೆಸಿದರು. ದಕ್ಷಿಣದಲ್ಲಿ ಅಂತರ್ಜಲ ನುಗ್ಗಿತು, ಗೋಪುರ ಆ ಕಡೆಗೇ ಇನ್ನಷ್ಟು ವಾಲಿತು. 1934ರಲ್ಲಿ ಮುಸೊಲಿನಿಯ ಸರ್ಕಾರ ಪಾಯಕ್ಕೆ ತೂತು ಕೊರೆದು ಟನ್‌ಗಟ್ಟಲೆ ಸಿಮೆಂಟ್ ಹಾಲು ತುಂಬಿಸಿತು. ಮತ್ತೆ ವಾಲಿತು.

1990ರಲ್ಲಿ ಬಾಗಿಲು ಹಾಕಿದರು. ಮೂರು ವರ್ಷದ ಮೇಲೆ ಉತ್ತರದ ಬುಡಕ್ಕೆ 600 ಟನ್ ಸೀಸದ ಗಟ್ಟಿಗಳನ್ನು ಹೇರಿದಾಗ ಗೋಪುರ ಮೊದಲ ಸಲ ಚೂರು ಹಿಂದೆ ಬಂತು. ಅಲ್ಲಿಗೆ ಬಿಟ್ಟಿದ್ದರೆ! ಸೀಸ ನೋಡಲು ಚೆನ್ನಾಗಿಲ್ಲ, ಬದಲಿಗೆ ನೆಲದಾಳಕ್ಕೆ ಉಕ್ಕಿನ ಹಗ್ಗ ಬಿಗಿಯೋಣ ಎಂದಾಯಿತು. ಅಗೆಯುವಾಗ ನೀರು ನುಗ್ಗದಿರಲೆಂದು ದ್ರವ ಸಾರಜನಕದಿಂದ ಮಣ್ಣನ್ನೇ ಹೆಪ್ಪುಗಟ್ಟಿಸಿದರು. 1995ರ ಸೆಪ್ಟೆಂಬರಿನ ಒಂದು ರಾತ್ರಿ ಗೋಪುರ ಹಿಂದಿನ ಇಡೀ ವರ್ಷದಲ್ಲಿ ಜರುಗಿದ್ದಕ್ಕಿಂತ ಹೆಚ್ಚು ದಕ್ಷಿಣಕ್ಕೆ ಜರುಗಿತು. ಬೇಡವೆಂದ ಸೀಸವನ್ನೇ ಇನ್ನಷ್ಟು ತಂದು ಹೇರಬೇಕಾಯಿತು.

ಕೊನೆಗೆ ಕೆಲಸ ಮಾಡಿದ್ದು ತಲೆಕೆಳಗಾದ ಉಪಾಯ: ಕುಸಿದ ಕಡೆಯನ್ನು ಎತ್ತುವ ಗೋಜಿಗೆ ಹೋಗದೆ, ಕುಸಿಯದ ಕಡೆಯನ್ನು ಕುಸಿಸುವುದು. ಉತ್ತರದಲ್ಲಿ ಓರೆಯಾಗಿ ಕೊಳವೆ ಇಳಿಸಿ, ದಿನಕ್ಕಿಷ್ಟೆಂದು ನಿಧಾನವಾಗಿ ಸುಮಾರು 38 ಘನಮೀಟರ್ ಮಣ್ಣು ತೆಗೆದರು. ತುದಿ 44 ಸೆಂಟಿಮೀಟರಿನಷ್ಟು ಹಿಂದೆ ಬಂತು. 2001ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿಗೆ ಗೋಪುರ ಹೆಚ್ಚೂಕಡಿಮೆ 1838ರಲ್ಲಿ, ಗೆರಾರ್ದೆಸ್ಕಾ ಹಾರೆ ಹಿಡಿಸುವ ಮುಂಚೆ, ನಿಂತಿದ್ದ ಭಂಗಿಗೆ ಮರಳಿತ್ತು.